ಸತ್ತ ಪದಗಳಿಗೆ ಎಡೆ

ನಂಜಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದವರು. ಅದಕ್ಕೆ ದಂಡಿಗನಹಳ್ಳಿಯ ಅವರಪ್ಪ ಕಂಡುಕೊಂಡ ಪರಿಹಾರವೆಂದರೆ, ಹೊಳೆನರಸೀಪುರದ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಿಗೇ ಮಗಳನ್ನು ಕೊಟ್ಟುಬಿಡುವುದು. ಮತ್ತೆ ಪರೀಕ್ಷೆ ಕಟ್ಟಿಸುತ್ತೇನೆ ಎಂದು ಮದುವೆಯ ಹೊಸತರಲ್ಲಿ ಹೇಳಿದ್ದ ಕೃಷ್ಣಪ್ಪ ಮೇಷ್ಟ್ರು ಊರ ಮಕ್ಕಳನ್ನೆಲ್ಲ ಪಾಸು ಮಾಡಿಸಿ, ನಿವೃತ್ತರಾಗಿ, ಸನ್ಮಾನದ ಶಾಲು ಹೊದ್ದು ಮನೆಗೆ ಬಂದರು. ಹೆಂಡತಿಯ ಪರೀಕ್ಷೆ ಮಾತ್ರ ಮುಸುರೆ ಪಾತ್ರೆಗಳ ಕೆಳಗೆಲ್ಲೋ ಉಳಿದುಹೋಯಿತು.

ನಿವೃತ್ತಿಯ ಮೇಲೆ ಮೇಷ್ಟ್ರಿಗೆ ಹೊಸ ಕಸುಬು ಹತ್ತಿತು: ಇಂಗ್ಲಿಷಿನಲ್ಲಿ ಬಳಕೆ ತಪ್ಪಿ ಸತ್ತುಹೋದ ಪದಗಳನ್ನು ಹುಡುಕಿ ಮರುಗುವುದು. ಬೆಳಿಗ್ಗೆ ಕಾಫಿ ಲೋಟ ಅವರ ಕೈ ಸೇರುವ ಮೊದಲೇ ಒಂದು ಪದದ ಸಾವಿನ ಸುದ್ದಿ ಅಡುಗೆಮನೆಗೆ ಬರುತ್ತಿತ್ತು.

“ಓವರ್‌ಮಾರೋ ಅಂತ ಒಂದು ವರ್ಡಿತ್ತು ಕಣೇ ನಂಜಿ. ನಾಡಿದ್ದು ಅಂತ ಅರ್ಥ. ಈಗ ಯಾರೂ ಬಳಸಲ್ಲ. ನಾಳೆ ಆದ ಮಾರನೇ ದಿನ ಅಂತ ಉದ್ದಕ್ಕೆ ಹೇಳ್ತಾರೆ.”

“ಅಯ್ಯೋ ಪಾಪ,” ಅಂದರು ನಂಜಮ್ಮ. “ಅವರ ಮನೇಲಿ ಗ್ಯಾಸ್ ಮುಗುದ್ರೆ ಸಿಲಿಂಡ್ರು ಯಾವತ್ತು ಬತ್ತದೆ ಅಂತ ಎಂಗೆ ಯೋಳ್ತಾರೆ?”

ಇನ್ನೊಂದು ದಿನ ಫಜೆಲ್. ಕೆಲಸ ಮಾಡುವವನ ಹಾಗೆ ನಟಿಸುತ್ತ ಏನೂ ಮಾಡದಿರುವುದು ಎಂದರ್ಥ. ಅದು ತೀರಿಕೊಂಡು ಬಹಳ ಕಾಲವಾಯಿತು ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು.

“ತೀರ್ಕಂಡಿಲ್ಲ ಬುಡಿ. ಜಗಲಿ ಮ್ಯಾಲೆ ಪೇಪರ್ ಇಡ್ಕಂಡು ಕೂತದೆ.”

ಈ ಸಲದ ಪಿತೃಪಕ್ಷಕ್ಕೆ ಮೇಷ್ಟ್ರ ದುಃಖಕ್ಕೊಂದು ದಾರಿ ಸಿಕ್ಕಿತು. ಮಹಾಲಯ ಅಮಾವಾಸ್ಯೆಯ ದಿನ ಅಪ್ಪ ಅಮ್ಮನಿಗೆ ಎಡೆ ಇಡುವಾಗ, ಪಕ್ಕದಲ್ಲೇ ನಾಲ್ಕು ಸತ್ತ ಪದಗಳಿಗೂ ಎಲೆ ಹಾಕುವುದು. ನಿವೃತ್ತ ಹೆಡ್ಮಾಷ್ಟ್ರು ಶಾಂತರಾಜು, ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ಹಳೇ ಶಿಷ್ಯ ಕೀರ್ತಿರಾಜ್, ಇಬ್ಬರನ್ನೂ ಊಟಕ್ಕೆ ಕರೆಯುವುದು. ತೀರಿಕೊಂಡವರಿಗೆ ಅವರು ಇಷ್ಟಪಟ್ಟದ್ದನ್ನೇ ಬಡಿಸುವ ಪದ್ಧತಿ ಇರುವುದರಿಂದ ಪದಗಳಿಗೂ ಹಾಗೇ. ಓವರ್‌ಮಾರೋಗೆ ನಾಡಿದ್ದಿನವರೆಗೂ ಕೆಡದ ಕಜ್ಜಾಯ. ಫಜೆಲ್‌ಗೆ ಏನು ಇಷ್ಟವೆಂದು ಹೊಳೆಯದೆ ಒಂದು ಲೋಟ ಕಾಫಿ. ಲಂಟಿಂಗ್ ಎಂದರೆ ಹೊಗೆ ಸೇದುತ್ತ ಅಡ್ಡಾಡುವುದು. ಅದಕ್ಕೊಂದು ಕಟ್ಟು ಬೀಡಿ. ಗ್ರೋಕ್ ಎಂದರೆ ಉಣ್ಣುವವರ ಬಾಯನ್ನೇ ನೋಡುತ್ತ ಕೂರುವುದು. ಅದಕ್ಕೆ ಬರೀ ಎಲೆ ಸಾಕೇ, ಬಡಿಸಲೂಬೇಕೇ ಎಂದು ಮೇಷ್ಟ್ರೂ ಹೆಡ್ಮಾಷ್ಟ್ರೂ ಫೋನಿನಲ್ಲಿ ಒಂದು ಬೆಳಗೆಲ್ಲ ಚರ್ಚಿಸಿದರು. ಬಡಿಸುವುದೆಂದು ತೀರ್ಮಾನವಾಯಿತು. ಯಾರು ಎಂಬುದು ಚರ್ಚೆಗೆ ಬರಲಿಲ್ಲ.

ಅದೇ ವಾರ ದಂಡಿಗನಹಳ್ಳಿಯಿಂದ ನಂಜಮ್ಮನ ತಮ್ಮ ಮೋಹನ್‌ಕುಮಾರ್ ಫೋನು ಮಾಡಿದ. ಸೊಸೆಗೆ ಹೆರಿಗೆಯಾಗಿದೆ, ಮನೆಯಲ್ಲಿ ಪುರುಡು, ಈ ವರ್ಷ ಎಡೆ ಇಡುವಂತಿಲ್ಲ. ಮಗುವಿನ ಸಂತೋಷದ ಬೆನ್ನಿಗೇ ನಂಜಮ್ಮನಿಗೆ ಅವ್ವನ ನೆನಪು ಬಂತು. ಅವ್ವ ಬೈರಮ್ಮ ಬದುಕಿದ್ದಷ್ಟು ಕಾಲ ಅವರೇಕಾಯಿ ಚೀಲ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ಕೂತು, ಹೊಗೆಸೊಪ್ಪು ಜಗಿಯುತ್ತ ಅಷ್ಟನ್ನೂ ಸುಲಿದುಕೊಡುತ್ತಿದ್ದಳು. ಅಳಿಯನ ಮನೆಯಲ್ಲಿ ಎಲೆ ಹಾಕಿಸಿಕೊಂಡು ಕೂರುವುದು ಸರಿಯಲ್ಲವೆಂದು ಹಸಿದುಕೊಂಡೇ ವಾಪಸು ಬಸ್ಸು ಹತ್ತುತ್ತಿದ್ದಳು. ಈ ಅಮಾವಾಸ್ಯೆಗೆ ಅವಳಿಗೆ ಮಗನ ಮನೆಯಲ್ಲೂ ಎಲೆಯಿಲ್ಲ.

“ನಮ್ಮವ್ವಂಗೂ ಇಲ್ಲೇ ಒಂದೆಲೆ ಇಕ್ತೀನಿ ಕಣ್ರೀ,” ಎಂದರು ಗಂಡನಿಗೆ.

“ಹುಚ್ಚಾ ನಿಂಗೆ? ಅತ್ತೆಗೆ ಅಳಿಯನ ಮನೇಲಿ ಎಡೆ ಇಟ್ಟಿದ್ದು ಎಲ್ಲಾರಾ ಕಂಡಿದೀಯಾ? ಅವರು ಬೇರೆ ವಂಶ. ನಮ್ಮ ಹಿರೀಕರ ಜೊತೆ ಕೂರಂಗಿಲ್ಲ.”

“ನಿಮ್ಮ ಗ್ರೋಕು ಯಾವ ವಂಶ?”

“ಅದು ಬೇರೆ ವಿಷಯ,” ಎಂದರು ಮೇಷ್ಟ್ರು. “ಅದು ಸಾಹಿತ್ಯ.”

ಅಮಾವಾಸ್ಯೆಯ ದಿನ ನಂಜಮ್ಮ ಕೋಳಿ ಕೂಗುವ ಮೊದಲೇ ಒಲೆ ಹಚ್ಚಿದರು. ಕಜ್ಜಾಯ, ವಡೆ, ಪಾಯಸ, ಬಾಡಿನ ಸಾರು. ಅಷ್ಟು ಮುಗಿಯುವ ಹೊತ್ತಿಗೆ ಮೇಷ್ಟ್ರು ನಾಲ್ಕು ಪದಗಳನ್ನು ರಟ್ಟಿನ ಮೇಲೆ ದುಂಡಗೆ ಬರೆದು ಮುಗಿಸಿ, ಬೆನ್ನು ನೋವೆಂದು ಒರಗಿಕೊಂಡಿದ್ದರು.

ಎಡೆ ಇಟ್ಟು ಧೂಪ ಹಾಕಿದ ಮೇಲೆ, ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಬೇಕು. ಮೇಷ್ಟ್ರೂ ಊಟಕ್ಕೆ ಬಂದಿದ್ದ ಇಬ್ಬರೂ ಜಗಲಿಗೆ ಹೋದರು. “ತುಪ್ಪ ಹಾಕೋದದೆ, ಬತ್ತೀನಿ” ಎಂದು ನಂಜಮ್ಮ ಒಳಗೇ ಉಳಿದರು. ಆಮೇಲೆ ಬಾಗಿಲು ಮುಚ್ಚಿಕೊಂಡು ಬಂದು ಜಗಲಿಯ ಕಂಬ ಹಿಡಿದು ನಿಂತರು.

ಬಾಗಿಲು ತೆರೆದಾಗ ಸಾಲಿನ ಕೊನೆಯಲ್ಲಿ ಇನ್ನೊಂದು ಎಲೆಯಿತ್ತು. ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಪಕ್ಕದಲ್ಲಿ ಎಲೆ ಅಡಿಕೆ ಹೊಗೆಸೊಪ್ಪು. ಮುಂದೆ ಹೆಸರು ಬರೆದ ರಟ್ಟಿರಲಿಲ್ಲ.

ಫೋಟೊ ತೆಗೆಯಲು ಬಗ್ಗಿದ ಕೀರ್ತಿರಾಜ್ ಕೇಳಿದ, “ಸಾ, ಇದ್ಯಾವ ವರ್ಡು? ಹೆಸರೇ ಇಲ್ವಲ್ಲ.”

“ಹೊಗೆಸೊಪ್ಪು ನೋಡಿದ್ರೆ ಲಂಟಿಂಗ್‌ಗೆ ನೆಂಟ ಇರ್ಬೇಕು,” ಎಂದರು ಶಾಂತರಾಜು.

ಮೇಷ್ಟ್ರಿಗೆ ಮುದ್ದೆ ನೋಡುತ್ತಲೇ ಎಲ್ಲ ತಿಳಿದಿತ್ತು. “ಹ್ಞೂಂ, ಅದೊಂದು... ಭಾಳ ಹಳೇ ಪದ,” ಎಂದು ಶುರುಮಾಡಿದರು.

ನಂಜಮ್ಮ ಸುಮ್ಮನಿದ್ದಿದ್ದರೆ ಎಲೆ ನಿಲ್ಲುತ್ತಿತ್ತು, ಜಗಳವೂ ತಪ್ಪುತ್ತಿತ್ತು. ಅವ್ವ ಯಾವುದೋ ಇಂಗ್ಲಿಷ್ ಹೆಸರಿನಲ್ಲಿ ಉಂಡು, ಯಾರಿಗೂ ಗೊತ್ತಾಗದ ಹಾಗೆ ಹಿತ್ತಲ ಕಡೆಯಿಂದ ಹೋಗುತ್ತಿದ್ದಳು.

“ಪದ ಅಲ್ಲ ಕಣಪ್ಪ,” ಎಂದರು ಕೀರ್ತಿರಾಜನಿಗೆ. “ನಮ್ಮವ್ವ. ದಂಡಿಗನಳ್ಳಿ ಬೈರಮ್ಮ.”

ಕೀರ್ತಿರಾಜ್ ಫೋನು ಜೇಬಿಗಿಟ್ಟು ಕೈಮುಗಿದ. ಮೇಷ್ಟ್ರು ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದರು. “ಮಾಡಿದ್ದು ಮಾಡ್ಬುಟ್ಟೆ. ಎಡೆ ಎಲೇನ ಆ ವಂಶದೋರೇ ಉಣ್ಬೇಕು. ಇಲ್ಲಿ ಯಾರು ಉಣ್ತಾರೆ? ಹಸೂಗೆ ಹಾಕು, ಹೋಗು.”

“ನನ್ನ ಎತ್ತೋಳು ಅವಳು. ನಾನು ಉಣ್ತೀನಿ.”

ನಂಜಮ್ಮ ಮಣೆ ಎಳೆದುಕೊಂಡು ಆ ಎಲೆಯ ಮುಂದೆ ಕೂತುಬಿಟ್ಟರು. ಗಂಡಸರಿಗಿಂತ ಮೊದಲು ಅವರು ಕೂತದ್ದನ್ನು ಆ ಮನೆ ಕಂಡಿರಲಿಲ್ಲ. ಊಟಕ್ಕೆ ಬಂದವರು ಹಜಾರದಲ್ಲಿ ತಮ್ಮ ತಮ್ಮ ಎಲೆಗೆ ನೀರು ಚಿಮುಕಿಸಿ ಒರೆಸಿದರು. ಉಪ್ಪಿನಕಾಯಿ ಇತ್ತು, ಅನ್ನ ಬರಲಿಲ್ಲ. ಇನ್ನೊಮ್ಮೆ ಒರೆಸಿದರು. ಮೇಷ್ಟ್ರು ಎರಡು ಸಲ ಕೆಮ್ಮಿದರು.

ಕೊನೆಗೆ ಶಾಂತರಾಜು ಎದ್ದರು. ಎಷ್ಟೋ ಹಬ್ಬಕ್ಕೆ ಈ ಮನೆಯಲ್ಲಿ ಉಂಡವರು, ಅಡುಗೆಮನೆಯ ಹೊಸಿಲು ದಾಟಿರಲಿಲ್ಲ.

“ಸೌಟು ಎಲ್ಲೈತಕ್ಕಾ?”

ನಂಜಮ್ಮನ ಬಾಯಲ್ಲಿ ತುತ್ತಿತ್ತು. ಎಡಗೈಯಲ್ಲಿ ಗೂಡಿನ ಕಡೆ ತೋರಿಸಿದರು. ಒಳಗಿಂದ ಮುಚ್ಚಳ ಬಿದ್ದ ಸದ್ದಾಯಿತು, ಹಿಂದೆಯೇ ಇನ್ನೇನೋ ಉರುಳಿತು. ಅವರು ತಿರುಗಿ ನೋಡಲಿಲ್ಲ. ಸಾರು ಆರುವ ಮುಂಚೆ ಇನ್ನೊಂದು ತುತ್ತು ಮುರಿದರು.