ಭಾನುವಾರದ ನೌಕಾಪಡೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಹಿಂದೂ ಮಹಾಸಾಗರ ಕಂಡಷ್ಟು ಸ್ಪಷ್ಟವಾಗಿ ಆಮೇಲೆ ನನಗೆ ಯಾವ ನಕ್ಷೆಯಲ್ಲೂ ಕಂಡಿಲ್ಲ. ಕೋಡುಬಳೆಯ ತಟ್ಟೆ ಭಾರತ, ಅದರ ಕೆಳಗಿನ ಸಕ್ಕರೆ ಡಬ್ಬಿ ಶ್ರೀಲಂಕಾ. ಎರಡು ಕಾಫಿ ಲೋಟಗಳ ನಡುವಿನ ಸಂದು ಮಲಕ್ಕಾ ಜಲಸಂಧಿ. ಅದರಾಚೆ, ಕಿಟಕಿಯ ಕಡೆಗೆ, ದಾಲ್ಚಿನ್ನಿ ಬನ್ನುಗಳ ಬುಟ್ಟಿ ಚೀನಾ. ಭಾನುವಾರ ಮಧ್ಯಾಹ್ನದ ಫೀಕಾ, ಅಂದರೆ ಸ್ವೀಡಿಷ್ ಕಾಫಿ-ತಿಂಡಿಯ, ಹೊತ್ತಿಗೆ ಈ ಲೋಕ ಸಿದ್ಧವಾಗುತ್ತಿತ್ತು. ಸಂಜೆಯೊಳಗೆ ಅದರಲ್ಲಿ ಅರ್ಧವನ್ನು ನಾವೇ ತಿಂದು ಮುಗಿಸಿರುತ್ತಿದ್ದೆವು.

ಮೇಜಿನ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಮೇಲಿನ ಮಹಡಿಯ ಅಂಕಲ್. ಅಪ್ಪ ಸ್ವೀಡನ್ನಿನ ಫ್ಲೆಮಿಂಗ್ಸ್‌ಬೆರಿಯ ವೈದ್ಯಕೀಯ ಕ್ಯಾಂಪಸ್ಸಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಅಂಕಲ್ ಅದೇ ಲ್ಯಾಬಿನವರು, ಚೀನಾದ ದಾಲಿಯಾನ್ ಎಂಬ ಬಂದರು ಊರಿನಿಂದ ಬಂದವರು. ಇಲ್ಲಿಯ ಮಕ್ಕಳು ಎಷ್ಟು ದೊಡ್ಡವರನ್ನಾದರೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಅಮ್ಮನ ಮುಂದೆ ಆ ಆಟ ನಡೆಯುತ್ತಿರಲಿಲ್ಲ. ಹಾಗಾಗಿ ಅವರು ನನಗೆ ಮೊದಲ ದಿನದಿಂದ ಅಂಕಲ್. ಮದುವೆಯಾಗದ, ಒಂಟಿ ಮನುಷ್ಯ. ಬರುವಾಗ ಹುರಿದ ಸೂರ್ಯಕಾಂತಿ ಬೀಜದ ಪೊಟ್ಟಣ ತರುತ್ತಿದ್ದರು. ಅದರ ಸಿಪ್ಪೆ ಮೇಜಿನ ತುಂಬ ಹರಡಿ ದ್ವೀಪಗಳಾಗುತ್ತಿತ್ತು.

ಇಬ್ಬರೂ ದಿನವಿಡೀ ಪ್ರೋಟೀನುಗಳ ಹಿಂದೆ ಬಿದ್ದವರು. ಆದರೆ ಇಬ್ಬರೂ ಬಂದರಿನ ಮಕ್ಕಳು. ಅಪ್ಪ ಪಣಂಬೂರಿನ ಬೀಚಿನಲ್ಲಿ ನಿಂತು ದೂರದ ಹಡಗು ಯಾವ ದೇಶದ್ದೆಂದು ಪಂಥ ಕಟ್ಟುತ್ತಾ ಬೆಳೆದವರು. ಅಂಕಲ್, ಕಾಲೇಜು ಮುಗಿಸುವ ಹೊತ್ತಿನಲ್ಲಿ, ತುಕ್ಕು ಹಿಡಿದ ಒಂದು ದೊಡ್ಡ ಹಡಗನ್ನು ತಮ್ಮೂರಿನ ಬಂದರಿಗೆ ಎಳೆದು ತಂದದ್ದನ್ನು ನೋಡಿದವರು. ಉಕ್ರೇನಿನಲ್ಲಿ ಅರ್ಧಕ್ಕೆ ನಿಂತಿದ್ದ ವಿಮಾನವಾಹಕ ನೌಕೆ ಅದು. ಎಂಜಿನ್ ಇರಲಿಲ್ಲ. ತೇಲುವ ಜೂಜಿನ ಮನೆ ಮಾಡುತ್ತೇವೆಂದು ಹೇಳಿ ಕೊಂಡಿದ್ದರು.

"ನಾವೆಲ್ಲ ನಕ್ಕಿದ್ವಿ," ಎಂದು ಅಂಕಲ್ ಪ್ರತಿ ಸಲವೂ ಹೇಳುತ್ತಿದ್ದರು. "ಗುಜರಿ ತಂದ್ರು ಅಂತ. ಆಮೇಲೆ ಒಂದು ದಿನ ಅದಕ್ಕೆ ಬಣ್ಣ ಬಳಿದ್ರು. ಆಗ ನಗೋದು ನಿಲ್ಲಿಸಿದ್ವಿ."

ಅವರು ಹೇಳುತ್ತಿದ್ದದ್ದು ಸ್ವೀಡಿಷ್‌ನಲ್ಲಿ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಆ ಮೇಜಿನ ಸುತ್ತಲಿನ ಎಲ್ಲರೂ ಕನ್ನಡವನ್ನೇ ಮಾತಾಡುತ್ತಾರೆ.

ಮೇಜಿಗೆ ಒಂದು ಕಾನೂನಿತ್ತು. ಸ್ವೀಡನ್ನಿನಲ್ಲಿ ಪಿಎಚ್.ಡಿ. ಪ್ರಬಂಧವನ್ನು ಎಲ್ಲರೆದುರು ಸಮರ್ಥಿಸಿಕೊಳ್ಳುವ ದಿನ ಒಬ್ಬ ಎದುರಾಳಿಯನ್ನು ಕರೆಸುತ್ತಾರೆ. ನಮ್ಮ ಅಪ್ಪನ ಲ್ಯಾಬಿನಲ್ಲಿ ಆ ಎದುರಾಳಿ ಬಂದ ಕೂಡಲೇ ದಾಳಿ ಮಾಡುವಂತಿರಲಿಲ್ಲ. ಮೊದಲು ಎದ್ದು ನಿಂತು, ವಿದ್ಯಾರ್ಥಿಯ ಇಡೀ ಕೆಲಸವನ್ನು ವಿದ್ಯಾರ್ಥಿಗಿಂತ ಚೆನ್ನಾಗಿ ವಿವರಿಸಬೇಕು. "ಹೌದು, ನಾನು ಹೇಳಿದ್ದು ಇದೇ" ಎಂದು ವಿದ್ಯಾರ್ಥಿ ಒಪ್ಪಿದ ಮೇಲೆಯೇ ಪ್ರಶ್ನೆ. ಅಪ್ಪನಿಗೆ ಈ ಪದ್ಧತಿ ತಲೆಗೆ ಹತ್ತಿಬಿಟ್ಟಿತ್ತು. ಅದನ್ನು ಮನೆಗೂ ತಂದರು. ಭಾನುವಾರ ಅಪ್ಪ ಚೀನಾದ ಪರ ವಾದಿಸಬೇಕು, ಅಂಕಲ್ ಭಾರತದ ಪರ. ಅಮೆರಿಕ ಬೇಕಾದಾಗ ನಾನು.

ಅಪ್ಪ ಬನ್ನಿನ ಬುಟ್ಟಿಯ ಹಿಂದೆ ಎದೆ ಸೆಟೆಸಿ ಕೂರುತ್ತಿದ್ದರು. "ನಮ್ಮ ಎಣ್ಣೆ ಎಲ್ಲ ಬರುದು ಈ ಸಂದಿಯಲ್ಲಿ. ನಾಳೆ ಯಾರಾದ್ರೂ ಬಾಗಿಲು ಹಾಕಿದ್ರೆ ನಾವು ಎಂತ ಮಾಡುದು? ಹೊರಗೆ ಹೋಗುವ ಅಂದ್ರೆ ಜಪಾನ್, ತೈವಾನ್, ಫಿಲಿಪ್ಪೀನ್ಸ್, ಉದ್ದಕ್ಕೂ ಬೇಲಿ. ಬೇಲಿಯ ಆಚೆ ಇವಳ ಹಡಗು," ಎಂದು ನನ್ನ ಕಡೆ ಚಮಚ ತೋರಿಸುತ್ತಿದ್ದರು. "ನಮ್ಮ ಜಾಗದಲ್ಲಿ ನೀವಿದ್ರೆ ಸುಮ್ಮನೆ ಕೂತ್ಕೊಳ್ತಿದ್ರಾ?"

ಕೋಡುಬಳೆಯ ದೇಶದಿಂದ ಅಂಕಲ್ ಉತ್ತರ ಕೊಡುತ್ತಿದ್ದರು. "ಬೇಲಿ ದಾಟಿ ಅಂಗಡಿಗೆ ಹೋಗಿ, ಬೇಡ ಅನ್ನಲ್ಲ. ಆದ್ರೆ ಜಿಬೂಟಿಯಲ್ಲಿ ನೆಲೆ, ಗ್ವಾದರ್‌ನಲ್ಲಿ ಬಂದರು, ಹಂಬನ್‌ಟೋಟದಲ್ಲಿ ಬಂದರು. ಕಡಲ್ಗಳ್ಳರನ್ನ ಹಿಡಿಯೋಕೆ ಸಬ್‌ಮರೀನ್ ಯಾಕೆ ಕಳಿಸ್ತೀರಿ? ನಮ್ಮ ಮನೆ ಸುತ್ತ ಕುರ್ಚಿ ಹಾಕ್ಕೊಂಡು ಕೂತ್ರೆ ನಮಗೆ ನಿದ್ದೆ ಬರುತ್ತಾ?"

ಅಪ್ಪ ಮೇಜು ಗುದ್ದಿ "ಹೌದು, ನಾನೂ ಅದನ್ನೇ ಹೇಳುದು!" ಎಂದು ಕೂಗಿ, ತಾನೀಗ ಚೀನಾ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಬೆಂಗಳೂರಿನವಳಾದ ಅಮ್ಮನಿಗೆ ಕಡಲೂ ಬೇಕಿರಲಿಲ್ಲ, ಹಡಗೂ ಬೇಕಿರಲಿಲ್ಲ. "ರೀ, ಆ ಲೋಟ ಒಡೆದುಹೋಗುತ್ತೆ. ಯಾರನ್ನಾದ್ರೂ ಮುಳುಗಿಸೋದಿದ್ರೆ ಪ್ಲಾಸ್ಟಿಕ್ ಲೋಟ ತಗೊಳ್ಳಿ," ಎನ್ನುತ್ತಿದ್ದಳು.

ವರ್ಷಗಳು ಹೋದ ಹಾಗೆ ಬನ್ನಿನ ಬುಟ್ಟಿಯ ಮುಂದೆ ಹಡಗುಗಳೆಂದು ಇಟ್ಟ ಲೋಟಗಳು ಹೆಚ್ಚಾದವು. ಗುಜರಿ ಹಡಗು ಕಡಲಿಗಿಳಿದಿತ್ತು. ಎರಡನೆಯದನ್ನು ಅವರೇ ಕಟ್ಟಿದರು. ಮೂರನೆಯದರಲ್ಲಿ ವಿಮಾನವನ್ನು ವಿದ್ಯುತ್ಕಾಂತದ ಬಲದಿಂದ ಎಸೆಯುವ ಯಂತ್ರ ಬಂತು. ನಾವು ದೋಸೆ ಹುಯ್ದ ಹಾಗೆ ಅವರು ಹಡಗು ಬಿಡುತ್ತಿದ್ದಾರೆಂದು ಅಪ್ಪ ಗೊಣಗುವರು. ಕೊಚ್ಚಿಯಲ್ಲಿ ನಮ್ಮವರೂ ಒಂದು ಕಟ್ಟಿದ ದಿನ ಅಂಕಲ್ ತಾವಾಗಿಯೇ ಒಂದು ಲೋಟ ತಂದು ಕೋಡುಬಳೆಯ ಪಕ್ಕ ಇಟ್ಟು, ಅಪ್ಪನ ಕೈ ಕುಲುಕಿದರು. ಅಪ್ಪನ ಕಣ್ಣು ಒದ್ದೆಯಾಯಿತು. ನಾನು ನಕ್ಕು ಬೈಸಿಕೊಂಡೆ.

ಚೀನಾದ ಯುದ್ಧನೌಕೆಗಳು ಒಮ್ಮೆ ಬಾಲ್ಟಿಕ್ ಸಮುದ್ರಕ್ಕೂ ಬಂದು ರಷ್ಯಾದ ಜೊತೆ ಕವಾಯತು ನಡೆಸಿ ಹೋದವು. ನಾನಾಗ ಇನ್ನೂ ಕೆಳಗಿನ ತರಗತಿಯಲ್ಲಿದ್ದೆ. "ಈ ಮೇಜಿನಲ್ಲಿ ಬಾಲ್ಟಿಕ್ ಎಲ್ಲಿ?" ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಜಾಗವೇ ಇರಲಿಲ್ಲ. ಕೊನೆಗೆ ಅಂಕಲ್ ಪಕ್ಕದ ಕುರ್ಚಿಯ ಮೇಲೆ ಒಂದು ತಟ್ಟೆ ಇಟ್ಟು, "ಇದು ನಿನ್ನ ಸಮುದ್ರ," ಎಂದರು. ಸ್ವೀಡನ್ ಯಾರದೂ ಅಲ್ಲದ ದೇಶವಾದ್ದರಿಂದ ಅದನ್ನು ಯಾರೂ ವಹಿಸಿಕೊಂಡಿರಲಿಲ್ಲ. ಅವತ್ತಿನಿಂದ ಅದು ನನ್ನ ಪಾಲಿಗೆ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇಲ್ಲಿ ಹದಿನೆಂಟಾದಾಗ ಕೆಲವರನ್ನು ಕಡ್ಡಾಯ ಸೇನಾ ಸೇವೆಗೆ ಆರಿಸುತ್ತಾರೆ, ಹುಡುಗಿಯರನ್ನೂ. ನನ್ನನ್ನೂ ಪರೀಕ್ಷೆಗೆ ಕರೆದರು. ಗೆಳತಿಯರು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದರೆ ನಾನು ಕುಣಿಯುತ್ತಾ ಹೋದೆ. ನೌಕಾಪಡೆ ಬೇಕು ಎಂದು ಕೇಳಿಯೇ ಕೇಳಿದೆ. ಹಳೆಯ ಯುದ್ಧಗಳಲ್ಲಿ ಕಡಲಿಗೆ ಬಿಟ್ಟ ಸಿಡಿಗುಂಡುಗಳು ಬಾಲ್ಟಿಕ್‌ನ ತಳದಲ್ಲಿ ಇನ್ನೂ ಇವೆ. ಅವನ್ನು ಹುಡುಕಿ ತೆಗೆಯುವ ಚಿಕ್ಕ ಹಡಗುಗಳಲ್ಲಿ ಒಂದಕ್ಕೆ ನಾನು ತಕ್ಕವಳು ಎಂದರು. ಇನ್ನುಳಿದದ್ದು ಒಂದು ಭದ್ರತಾ ಸಂದರ್ಶನ.

ಅಪ್ಪ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಾಡಿಹೋಯಿತು.

"ಬೇಡ ಮಗಾ. ಮೊದಲು ಓದಿ ಮುಗಿಸು."

"ಓದು ಎಲ್ಲಿಗೂ ಹೋಗಲ್ಲ ಅಪ್ಪ. ಒಂದೇ ವರ್ಷ. ನೀವೇ ತಾನೇ ನಂಗೆ ಇದೆಲ್ಲ ತಲೆಗೆ ತುಂಬಿದ್ದು?"

"ನಾನು ಹೇಳಿದ್ದು ಮಾತಿಗೆ ಮಾರಾಯ್ತಿ! ಹೋಗ್ಲಿಕ್ಕೆ ಹೇಳಿದ್ದಾ?"

ಮಾತಿಗೊಂದು ಕಡಲು, ಹೋಗಲಿಕ್ಕೆ ಬೇರೊಂದು ಕಡಲು ಇರುತ್ತದೆಂದು ನನಗೇನು ಗೊತ್ತು? ನಾನು ಮುಖ ಊದಿಸಿಕೊಂಡು ಕೂತೆ. ಕಾನೂನಿನ ಪ್ರಕಾರ ಅಪ್ಪ ತಡೆಯುವಂತಿರಲಿಲ್ಲ. ಆದರೆ ಅವರು ಒಪ್ಪದೆ ಹೋಗುವುದು ನನ್ನಿಂದಾಗುತ್ತಿರಲಿಲ್ಲ. ನನಗೆ ಹಡಗೂ ಬೇಕಿತ್ತು, ಆ ಮೇಜೂ ಬೇಕಿತ್ತು. ಮುಂದಿನ ಭಾನುವಾರ ಅಂಕಲ್ ಬಂದು ಕೂತ ಮೇಲೆ, ಕೋಡುಬಳೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇವತ್ತು ವಿಷಯ ನಾನು," ಎಂದೆ. "ಅಪ್ಪ ನನ್ನ ಪರ ವಾದಿಸಬೇಕು, ನಾನು ಅಪ್ಪನ ಪರ."

ಅಪ್ಪ ಬೇಡವೆಂದರು. ಅಂಕಲ್ ಬಿಡಲಿಲ್ಲ. ಕಾನೂನು ಕಾನೂನೇ ಎಂದರು.

ಅಪ್ಪ ಸ್ವಲ್ಪ ಹೊತ್ತು ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು. ಆಮೇಲೆ ನನ್ನ ಪಾತ್ರದಲ್ಲಿ ಮಾತಾಡತೊಡಗಿದರು. "ನಾನು ಈ ಊರಿನ ಡಾಗಿಸ್‌ನಲ್ಲಿ, ಇಲ್ಲಿಯ ಶಿಶುವಿಹಾರದಲ್ಲಿ, ಬೆಳೆದೆ. ಈಜು ಕಲಿತದ್ದು ಇಲ್ಲಿಯ ಕೆರೆಯಲ್ಲಿ. ಅಪ್ಪನಿಗೆ ಮಂಗಳೂರು ಉಂಟು, ಅಮ್ಮನಿಗೆ ಬೆಂಗಳೂರು ಉಂಟು. ನಂಗೆ ಎಂತ ಉಂಟು? ಒಂದು ಕುರ್ಚಿ ಮೇಲೆ ಇಟ್ಟ ತಟ್ಟೆ. ಅದನ್ನು ಯಾರಾದ್ರೂ ನೋಡಿಕೊಳ್ಳಬೇಕಲ್ಲ? ಹಾಗೆ ನಾನು ಹೋಗುದು."

ಹೌದು, ನಾನು ಹೇಳಬೇಕೆಂದಿದ್ದು ಇದೇ ಎಂದು ಒಪ್ಪಿದೆ. ಈಗ ನನ್ನ ಸರದಿ. ಅಪ್ಪನ ದನಿಯನ್ನೇ ಅಣಕಿಸುತ್ತಾ, ಮಗಳು ಮುಳುಗಿಹೋದರೆ ಎಂಬ ಹೆದರಿಕೆ ಎಂದೆ. ಅಪ್ಪ ತಲೆಯಾಡಿಸಿದರು. ಓದು ಕೆಡುತ್ತದೆ ಎಂದೆ. ಅದೂ ಅಲ್ಲ. ಬೇರೆ ದೇಶದ ಸಮವಸ್ತ್ರ ಹಾಕುತ್ತಾಳಲ್ಲ ಎಂಬ ಹೊಟ್ಟೆ ಸಂಕಟ ಎಂದೆ. ಅಪ್ಪ ಕಿಟಕಿಯ ಕಡೆ ತಿರುಗಿದರು. ನನ್ನ ಬುದ್ಧಿಗೆ ಇನ್ನೇನೂ ಹೊಳೆಯಲಿಲ್ಲ.

"ಅವನಿಗೆ ಹೆದರಿಕೆ ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೆ," ಎಂದರು ಅಂಕಲ್. "ಸಂದರ್ಶನದಲ್ಲಿ ನಿನ್ನನ್ನ ಕೇಳ್ತಾರೆ. ಮನೆಗೆ ಯಾರು ಬರ್ತಾರೆ, ಯಾವ ದೇಶದವರು, ಏನು ಮಾತಾಡ್ತಾರೆ ಅಂತ. ನೀನು ಸುಳ್ಳು ಹೇಳಲ್ಲ. ಹೇಳಲೂಬಾರದು."

ಅಡಿಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿದಳು. ಅಪ್ಪ ಮೇಜಿನ ಕಡೆ ತಿರುಗದೆ, "ಹೌದು, ನಾನು ಹೇಳುದು ಅದೇ," ಎಂದರು.

ಇಷ್ಟು ವರ್ಷ ನಾವು ಮೇಜಿನ ಮೇಲೆ ಆಡಿಸಿದ್ದ ಆ ಹಡಗುಗಳು ಇಷ್ಟು ಹತ್ತಿರ ಬರುತ್ತವೆಂದು ನಾನು ಎಣಿಸಿರಲಿಲ್ಲ. ಚೀನಾ ಬಲಿತರೆ ಜಪಾನು, ಭಾರತ, ಅಮೆರಿಕ ಏನು ಮಾಡಬೇಕೆಂದು ಗಂಟೆಗಟ್ಟಲೆ ಕೊರೆದಿದ್ದೆವು. ಮೇಲಿನ ಮಹಡಿಯ ಒಬ್ಬ ಒಂಟಿ ಮನುಷ್ಯ ಏನು ಮಾಡಬೇಕೆಂದು ಒಮ್ಮೆಯೂ ಮಾತಾಡಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಹಾಗಾದರೆ ನಾನು ಹೋಗುವುದೇ ಇಲ್ಲ ಎಂದೆ.

ಅಂಕಲ್ ನನ್ನನ್ನು ಗದರಿದ್ದು ಅದೊಂದೇ ಸಲ. "ನನ್ನ ಕಾರಣಕ್ಕೆ ನೀನು ಮನೇಲಿ ಕೂತ್ರೆ ಈ ಮನೇಲಿ ನಾನು ತಲೆಯೆತ್ತಿ ಬನ್ ತಿನ್ನೋದು ಹೇಗೆ? ಹೋಗು. ಕೇಳಿದ್ದಕ್ಕೆಲ್ಲ ನಿಜ ಹೇಳು. ನನ್ನ ಹೆಸರು ಸರಿಯಾಗಿ ಬರೆಸು, ಇಲ್ಲಿಯವರು ಯಾವಾಗಲೂ ತಪ್ಪು ಬರೀತಾರೆ."

ಅಪ್ಪ ನಕ್ಕರು. ನಗುತ್ತಲೇ ನನ್ನ ತಲೆಯ ಮೇಲೆ ಕೈಯಿಟ್ಟರು. ಅದು ಒಪ್ಪಿಗೆ ಎಂದು ನನಗೆ ಗೊತ್ತಾಯಿತು.

ಸಂದರ್ಶನ ಮಾಡಿದಾಕೆ ಸೌಮ್ಯ ಹೆಂಗಸು. ಕಾಫಿ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ, ಕೋಡುಬಳೆ, ಬನ್ನು, ಮಲಕ್ಕಾ ಸಮೇತ. ಆಕೆಗೆ ನಗು ತಡೆಯಲಾಗಲಿಲ್ಲ. ಅವರನ್ನು ನೋಡಬೇಡ, ಮಾತಾಡಬೇಡ ಎಂದು ಆಕೆ ಹೇಳಲಿಲ್ಲ. ಕೆಲಸದ ವಿಷಯ ಮನೆಯಲ್ಲಿ ಯಾರ ಹತ್ತಿರವೂ ಆಡಬಾರದು ಎಂದಳು, ಅಷ್ಟೇ. ಕೆಲವು ವಾರಗಳಲ್ಲಿ ನಾನು ಪಾಸಾದೆ. ಮೆಟ್ಟಿಲು ಹಾರುತ್ತಾ ಮೇಲಿನ ಮಹಡಿಗೆ ಓಡಿ ಬಾಗಿಲು ಬಡಿದು ಹೇಳಿದೆ, "ಅಂಕಲ್, ಏನೂ ಆಗಿಲ್ಲ! ಯಾರೂ ಏನೂ ಅಂದಿಲ್ಲ!" ಅವರು ಎರಡೂ ಕೈಗಳಲ್ಲಿ ನನ್ನ ಕೈ ಹಿಡಿದು ಅಭಿನಂದಿಸಿದರು.

ಆ ಭಾನುವಾರ ಅವರು ಬರಲಿಲ್ಲ. ಜ್ವರವಂತೆ. ಮುಂದಿನ ವಾರ ಲ್ಯಾಬಿನಲ್ಲಿ ಕೆಲಸವಂತೆ. ಅದರ ಮುಂದಿನ ವಾರ ಅಪ್ಪನೇ ಬಿಸಿ ಕೋಡುಬಳೆ ಹಿಡಿದು ಮೇಲೆ ಹೋದರು, ಬೇಗನೆ ಇಳಿದು ಬಂದರು. ತಟ್ಟೆ ಕೊಟ್ಟುಬಂದಿದ್ದರು.

"ಅವನು ಇನ್ನು ಬರುದಿಲ್ಲ ಅಂತೆ. ಈಗ ಯಾರೂ ಬೇಡ ಹೇಳಲಿಲ್ಲ, ನಾಳೆ ಹೇಳಬಹುದು ಅಂತೆ. ಅವಳ ಹೆಸರಿಗೆ ಒಂದು ಸಣ್ಣ ಚುಕ್ಕೆಯೂ ಬರುದು ಬೇಡ ಅಂತೆ," ಎಂದರು ಅಮ್ಮನಿಗೆ. ಆಮೇಲೆ ಪೇಪರ್ ಬಿಡಿಸಿಕೊಂಡು ಕೂತರು, ಓದಲಿಲ್ಲ.

ಅವರಿಬ್ಬರೂ ಈಗಲೂ ಒಂದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ, ಊಟವನ್ನೂ ಒಟ್ಟಿಗೆ ಮಾಡುತ್ತಾರಂತೆ. ಮಾತು ಮಾತ್ರ ಪ್ರೋಟೀನಿನದ್ದು, ಹಿಮದ್ದು. ಹೊಸ ಹಡಗಿನ ಸುದ್ದಿ ಟಿವಿಯಲ್ಲಿ ಬಂದರೆ ಅಪ್ಪ ಒಬ್ಬರೇ ನೋಡುತ್ತಾರೆ. ಚೀನಾದ ಪರ ವಾದಿಸಲು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ಅವರ ಅಭಿಪ್ರಾಯಗಳು ಇತ್ತೀಚೆಗೆ ಗಟ್ಟಿಯಾಗುತ್ತಿವೆ. ಅದು ನನಗೆ ಹಿಡಿಸುವುದಿಲ್ಲ.

ನನಗೆ ಹಡಗು ಸಿಕ್ಕಿತು. ಕಾರ್ಲ್‌ಸ್‌ಕ್ರೋನಾದ ನೌಕಾನೆಲೆಯಿಂದ ಹೊರಟು ದಿನಗಟ್ಟಲೆ ನೀರಿನ ಮೇಲಿರುತ್ತೇವೆ. ನನಗೆ ಈ ಕೆಲಸ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಭಾನುವಾರ ಮಧ್ಯಾಹ್ನ ಹಡಗಿನಲ್ಲಿ ಫೀಕಾಗೆ ಬನ್ನು ಬಂದಾಗ ಜೀವ ಮನೆಗೆ ಎಳೆಯುತ್ತದೆ.

ಕಳೆದ ಸಲ ರಜೆಗೆ ಬಂದಾಗ ನಮ್ಮ ಕಟ್ಟಡದ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ನನ್ನ ಚೀಲ ಹೊತ್ತು ಹೋದೆ. ಅಂಕಲ್ ಅಲ್ಲಿ ತಮ್ಮ ಹಾಸಿಗೆಬಟ್ಟೆ ಮಡಚುತ್ತಿದ್ದರು. ಕೂದಲು ನೆರೆತಿತ್ತು. ನನ್ನನ್ನು ಕಂಡು ಮುಖ ಅರಳಿತು. ಚಾದರದ ಇನ್ನೊಂದು ತುದಿ ಹಿಡಿಯಲು ಕೊಟ್ಟರು. ಇಬ್ಬರೂ ಸೇರಿ ಮಡಚಿದೆವು.

"ಹೇಗಿದೆ ಸಮುದ್ರ?" ಎಂದರು.

ನನ್ನ ಬಾಯಿ ತುಂಬ ಸುದ್ದಿಯಿತ್ತು. ಆ ಸುದ್ದಿಯ ಅರ್ಧ ಈ ಲೋಕದಲ್ಲಿ ಅರ್ಥವಾಗುವುದು ಅಪ್ಪನಿಗೆ ಮತ್ತು ಇವರಿಗೆ ಮಾತ್ರ. ಬಾಯಿ ತೆರೆದೆ. ಅವರು ತಟ್ಟನೆ ಅಂಗೈ ಎತ್ತಿ ತಡೆದರು.

"ಚಳಿಯಾ ಇಲ್ವಾ, ಅಷ್ಟು ಹೇಳು ಸಾಕು."

"ಚಳಿ ಅಂಕಲ್," ಎಂದೆ. "ತುಂಬಾ ಚಳಿ."