ಮಾಬ್ಲ ಬಿಟ್ಟ ಸಾಲುಗಳು

೨೦೨೩ರ ಜೂನ್ ೧೪, ಬುಧವಾರ. ಮಳೆಗಾಲದ ಆರಂಭ, ಕುಮಟೆಯಲ್ಲಿ ಬೆಳಗಿನಿಂದ ಮೃಗಶಿರ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಇದು ನಡೆದದ್ದು ಹದಿನೈದನೆಯ ತಾರೀಕೆಂದು ಕೆಲವರು ಹೇಳುವುದು ತಪ್ಪು. ಹದಿನಾಲ್ಕರಂದು ಹನ್ನೊಂದು ಗಂಟೆಗೆ ಹೊಳನಗದ್ದೆಯ ಸೋಮಿ, ಮಾಬ್ಲನ ಟೈಪಿಂಗ್ ಅಂಗಡಿಯ ಮೆಟ್ಟಿಲಲ್ಲಿ ಕೊಡೆ ಕೊಡವಿ ಒಳಗೆ ಬಂದಳು.

ಮಾಬ್ಲ ೧೯೯೨ರ ಆಗಸ್ಟ್ ೩ರಿಂದ ಜನರ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಡುತ್ತಿದ್ದವನು. ಬರೆಸುವವರು ಸಂಕಟದಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಿದರೆ ಎರಡನೆಯದನ್ನು ಹೊಡೆದುಹಾಕುವುದು ಅವನ ಶಿಸ್ತು. "ಒಂದ್ ಸಲ ಸಾಕು. ಸಾಹೇಬ್ರೇನು ಕಿವುಡ್ರಲ್ಲ," ಎನ್ನುತ್ತಿದ್ದ.

ಸೋಮಿಯ ಜೊತೆ ನಲವತ್ತು ವರ್ಷ ಪದ ಹಾಡಿದ ಮಾಸ್ತಮ್ಮ ಭಟ್ಕಳದಲ್ಲಿ ಮಗಳು ರೇಖಾಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನೆಟ್ಟಿಯ ಗದ್ದೆಯಲ್ಲಿ ಸಸಿ ನೆಡುತ್ತ ಸೋಮಿ ಒಂದು ಸಾಲು ಹೇಳುವುದು, ಮಾಸ್ತಮ್ಮ ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುವುದು ಅವರ ಪದ್ಧತಿ. ಭಟ್ಕಳಕ್ಕೆ ಹೋಗಿಬರಲು ಸೋಮಿಯ ಮೊಣಕಾಲು ಬಿಡದು. ಆದ್ದರಿಂದ ಇಬ್ಬರೂ ವಿಡಿಯೊ ಕರೆಯಲ್ಲಿ ಹಾಡುವುದು, ಪರದೆಯನ್ನು ಮಾಬ್ಲ ರೆಕಾರ್ಡ್ ಮಾಡಿಕೊಡುವುದು ಎಂದಾಗಿತ್ತು.

"ಅವ್ಳು ಹೆಚ್ಗೆ ದಿನ ಇಲ್ಲ ಒಡೆಯಾ. ನಮ್ ಪದ ನಂಗೆ ಬೇಕು."

ಮಾಬ್ಲನ ಕಂಪ್ಯೂಟರ್ ೨೦೧೦ರದು. ಪರದೆಯನ್ನು ಪೂರ್ಣ ಗಾತ್ರದಲ್ಲಿ, ಸೆಕೆಂಡಿಗೆ ಮೂವತ್ತು ಚಿತ್ರಗಳಂತೆ ಹಿಡಿದರೆ ಅದು ಉಬ್ಬಸದವರಂತೆ ನಿಂತು ನಿಂತು ಓಡುತ್ತಿತ್ತು. ಫೈಲನ್ನು ತೀರ ಕುಗ್ಗಿಸಲು ಹೇಳಿದರೆ ಪ್ರೊಸೆಸರ್ ಸೋತು ದನಿ ತುಂಡಾಗುತ್ತಿತ್ತು. ಕುಗ್ಗಿಸದೆ ಬಿಟ್ಟರೆ ಡಿಸ್ಕಿನಲ್ಲಿ ಉಳಿದಿದ್ದ ಎರಡು ಜಿಬಿ ಹತ್ತು ನಿಮಿಷಕ್ಕೆ ತುಂಬುತ್ತಿತ್ತು. ಅವನು ಚಿತ್ರದ ಗಾತ್ರವನ್ನು ಅರ್ಧಕ್ಕಿಳಿಸಿದ. ಸೆಕೆಂಡಿಗೆ ಹತ್ತು ಚಿತ್ರ ಸಾಕೆಂದ. ಕುಗ್ಗಿಸುವುದನ್ನು ಹದಕ್ಕೆ ತಂದ. ದನಿ ಸ್ವಚ್ಛವಾಯಿತು. ಆದರೆ ಜಾಗವಿದ್ದುದು ಅರ್ಧ ಗಂಟೆಗೆ. ಪದ ಒಂದು ಗಂಟೆಯದು.

ಪರದೆಯಲ್ಲಿ ಮಾಸ್ತಮ್ಮ ಕಂಡಳು.

"ಎಂತದೇ ಸೋಮಿ, ಮುದ್ಕಿ ಆಗೋದ್ಯಲ್ಲೇ!"

"ನೀನೆಂತ ಮದುಮಗಳನೇ? ನಾ ಹೇಳ್ತೆ, ನೀ ಎತ್ಕೋ."

ಮೂರು ಸಾಲು ಕೇಳುವಷ್ಟರಲ್ಲಿ ಪ್ರತಿ ಸಾಲೂ ಎರಡು ಸಲ ಬರುತ್ತಿದೆಯೆಂದು ಮಾಬ್ಲ ಗಮನಿಸಿದ. ಮೊದಲಿನಿಂದ ಶುರುಮಾಡಿಸಿದ. ಬೆರಳನ್ನು ವಿರಾಮದ ಕೀಲಿಯ ಮೇಲಿಟ್ಟು, ಎರಡನೆಯ ಸಲ ಬಂದಾಗಲೆಲ್ಲ ರೆಕಾರ್ಡಿಂಗ್ ತಡೆದ. ಸೋಮಿಯ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

"ಆತಾ ಒಡೆಯಾ?"

"ಆತು. ಇಪ್ಪತ್ತೊಂಬತ್ತು ನಿಮಿಷಕ್ಕೆ ಇಳ್ಸಿದ್ದೆ," ಎಂದ ಮಾಬ್ಲ ಹೆಮ್ಮೆಯಿಂದ. ಯಂತ್ರದ ಮಾತೆಂದು ಅವಳು ತಲೆಯಾಡಿಸಿದಳು.

ಫೈಲ್ ಸಿದ್ಧವಾಗಿ ಪೆನ್ ಡ್ರೈವಿಗೆ ಇಳಿದ ಮೇಲೆ ಜೂನ್ ೧೬, ಶುಕ್ರವಾರ ಸೋಮಿ ಮತ್ತೆ ಬಂದಳು. ಅವಳದೇ ದನಿ ಸಾಲಿನ ಬೆನ್ನಿಗೆ ಸಾಲಾಗಿ, ಉಸಿರಿಗೂ ಎಡೆಯಿಲ್ಲದೆ ಹರಿಯಿತು. ಪರದೆಯಲ್ಲಿ ಮಾಸ್ತಮ್ಮ ತುಟಿ ಮುಚ್ಚಿ ಕೇಳುತ್ತಲೇ ಇದ್ದಳು.

"ಅವ್ಳೆಲ್ಲಿ ಒಡೆಯಾ?"

"ಅದೇ ಸಾಲಲ್ವನೇ? ಜಾಗ ಇರ್ಲಿಲ್ಲ, ಬಿಟ್ಟೆ."

"ಸಾಲು ನಂಗೂ ಬತ್ತದೆ," ಎಂದಳು ಸೋಮಿ. "ನಂಗೆ ಬೇಕಾದ್ದು ಅವ್ಳ ಬಾಯಿ."

ಮಾಬ್ಲ ತಾನೇ ಭಟ್ಕಳಕ್ಕೆ ಕರೆಮಾಡಿದ. ರೇಖಾ ಎತ್ತಿದಳು. "ನಿನ್ನೆ ಸಂಜೆಯಿಂದ ಅವ್ವಿಗೆ ಮಾತಿಲ್ಲ. ಕೇಳ್ತದೆ, ಅಷ್ಟೇ."

ಸೋಮಿ ಫೋನಿಗೆ ಒಂದು ಸಾಲು ಹೇಳಿದಳು; ಮಾಸ್ತಮ್ಮ ಅದನ್ನು ಎತ್ತಿಕೊಳ್ಳಲು ಬೇಕಾಗುವಷ್ಟು ಹೊತ್ತು ಕಾದಳು; ಮುಂದಿನ ಸಾಲು ಹೇಳಿದಳು. ಮಾಬ್ಲ ಕುರ್ಚಿಯಿಂದೆದ್ದು ನಿಂತೇ ಇದ್ದ.

ಮಾಸ್ತಮ್ಮ ಜೂನ್ ೧೯, ಸೋಮವಾರ ತೀರಿಕೊಂಡಳು. ಸೋಮಿ ಪೆನ್ ಡ್ರೈವ್ ಒಯ್ಯಲಿಲ್ಲ. ೨೦೨೪ರ ಮಾರ್ಚ್ ೩೦, ಶನಿವಾರ ಮಾಬ್ಲ ಅಂಗಡಿ ಮುಚ್ಚಿದ. ಕಂಪ್ಯೂಟರ್ ಗುಜರಿಗೆ ಹೋಯಿತು. ಪೆನ್ ಡ್ರೈವಿನ ಫೈಲ್ ಅವನ ಬಳಿಯಿದೆ.