ಸ್ತಾಮೆನ್ ಗೆರ್ಜಿಕೊವ್‌ನ ಕರಿ ಅಂಚು

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅದನ್ನು ಬಾಯಿಬಿಟ್ಟು ಹೇಳುವ ಕಷ್ಟ ಯಾರಿಗೂ ಇಲ್ಲ. ಮೇಲೆ ಪಟ, ಕೆಳಗೆ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ, ಸುತ್ತಲೂ ಕರಿ ಅಂಚು. ಇಷ್ಟಿರುವ ಒಂದು ಹಾಳೆಯನ್ನು ಮನೆಯ ಬಾಗಿಲಿಗೆ, ಬಸ್ ನಿಲ್ದಾಣದ ಕಂಬಕ್ಕೆ, ಚೌಕದ ಲಿಂಡನ್ ಮರಕ್ಕೆ ಅಂಟಿಸಿದರೆ ಮುಗಿಯಿತು. ನಲವತ್ತನೆಯ ದಿನಕ್ಕೆ ಇನ್ನೊಂದು ಹಾಳೆ, ವರ್ಷ ತುಂಬಿದಾಗ ಮತ್ತೊಂದು. ಬದುಕಿದ್ದಾಗ ಎದುರು ಸಿಕ್ಕರೆ ರಸ್ತೆ ದಾಟಿಬಿಡುತ್ತಿದ್ದವರೂ ಸತ್ತಮೇಲೆ ಮರದ ಮುಂದೆ ನಿಂತು ಆ ಮುಖವನ್ನು ಮನಸಾರೆ ನೋಡುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ, ಇಲ್ಲೇ ಕೂದಲು ನೆರೆಸಿಕೊಂಡ ಸ್ತಾಮೆನ್ ಗೆರ್ಜಿಕೊವ್ ಅಂಥ ಕೆಲಸ ಹೇಗೆ ಮಾಡಿದ ಎನ್ನುವುದು ನಮಗೆ ಇವತ್ತಿಗೂ ಅರಗಿಲ್ಲ.

ಸ್ತಾಮೆನ್ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳನ್ನು ಏನು ಮಾಡುವುದೆಂದು ತೋಚದೆ ಅಲೆಯುತ್ತಿದ್ದಾಗ, ಮುಚ್ಚಿಹೋಗಿದ್ದ ಹಳೆಯ ಸ್ಟುಡಿಯೋದ ನೆಲಮಾಳಿಗೆಯಲ್ಲಿ ಅವನಿಗೆ ಒಂದು ಕ್ಯಾಮೆರಾ ಸಿಕ್ಕಿತು. ಕುರಿಮರಿಯಷ್ಟು ದೊಡ್ಡ ಮರದ ಪೆಟ್ಟಿಗೆ, ಹಿತ್ತಾಳೆಯ ಲೆನ್ಸು. ಒಳಗೆ ಕೋಳಿ ಕಾವಿಗೆ ಕೂತಿತ್ತು. ಕೋಳಿಯನ್ನು ಎಬ್ಬಿಸಿ, ಹಿಕ್ಕೆ ಕೆರೆದು, ಅವನು ಅದನ್ನು ಕೈಗಾಡಿಯಲ್ಲಿ ಮನೆಗೆ ತಂದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಮುಂಚೆ ನಕ್ಷೆಗಾರನಂತೆ ನೆಲ ನೋಡಿ ನಡೆಯುತ್ತಿದ್ದವನು ಈಗ ಆಕಾಶ ನೋಡುತ್ತ, ಬೆಳಕಿಗೆ ಅಂಕ ಕೊಡುತ್ತ ನಡೆಯತೊಡಗಿದ. ಮೋಡ ಬಂದರೆ 'ಪರವಾಗಿಲ್ಲ' ಎಂದು ದೇವರ ಬೆನ್ನು ತಟ್ಟುತ್ತಿದ್ದ.

ಪೆಟ್ಟಿಗೆಯ ಮರಕ್ಕೆ ಎಣ್ಣೆ ತಿಕ್ಕಿದ. ಹಿಂಬದಿಯ ಮಸುಕು ಗಾಜು ಒಡೆದಿತ್ತು. ಕಿಟಕಿಯ ಗಾಜನ್ನೇ ನುಣ್ಣನೆ ಮರಳಿನಲ್ಲಿ ವಾರಗಟ್ಟಲೆ ಉಜ್ಜಿ ಹೊಸದು ಮಾಡಿಕೊಂಡ. ಉಳಿದದ್ದು ತಿದಿ. ಲೆನ್ಸಿಗೂ ಗಾಜಿಗೂ ನಡುವೆ ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಆ ಚರ್ಮವನ್ನು ಇಲಿಗಳು ಜಾಲರಿ ಮಾಡಿಟ್ಟಿದ್ದವು. ಅದಕ್ಕೆ ಬೇಕಾದದ್ದು ತೆಳುವಾದ, ಕಪ್ಪಾದ, ಸೂಜಿಮೊನೆಯಷ್ಟು ಬೆಳಕೂ ತೂರದ ಹಳೇ ಚರ್ಮ. ಅಂಥದ್ದು ಮನೆಯ ಹಜಾರದ ಮೊಳೆಗೆ ನೇತುಬಿದ್ದಿತ್ತು. ಅಪ್ಪನ ಕೋಟು.

ಅಪ್ಪ ರೈಲ್ವೆ ಸ್ಟೇಷನ್ ಮಾಸ್ತರ. ಚಳಿಗಾಲವೆಲ್ಲ ಆ ಚರ್ಮದ ಕೋಟಿನಲ್ಲೇ ಇರುತ್ತಿದ್ದವನು. ಅವನು ಹೋದ ಮೇಲೂ ಕೋಟು ಮೊಳೆಯಲ್ಲೇ ಉಳಿಯಿತು. ಸೇತುವೆಯ ಆಚೆ ಇದ್ದ ಅಕ್ಕ ದೋಚ್ಕಾ ಪ್ರತಿ ಶರತ್ಕಾಲದಲ್ಲಿ ಚರ್ಮಕ್ಕೆ ಹಚ್ಚುವ ಜಿಡ್ಡಿನ ಡಬ್ಬಿ ಹಿಡಿದು ಬಂದು, ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಉಜ್ಜಿ, ಒಂದು ಕಾಫಿ ಕುಡಿದು ಹೋಗುತ್ತಿದ್ದಳು. ಆ ವರ್ಷ ಬಂದಾಗ ಮೊಳೆ ಖಾಲಿ. ಸ್ತಾಮೆನ್ ಹೆಮ್ಮೆಯಿಂದ ತಿದಿಯನ್ನು ಪೂರ್ತಿ ಎಳೆದು ತೋರಿಸಿದ. ಮೂರನೆಯ ಮಡಿಕೆಯಲ್ಲಿ ಒಳಜೇಬಿನ ಹೊಲಿಗೆ ಎದ್ದು ಕಾಣುತ್ತಿತ್ತು.

"ಅಪ್ಪನ್ನ ಕತ್ತರಿಸಿಬಿಟ್ಟೆಯಲ್ಲೋ," ಎಂದಳು ದೋಚ್ಕಾ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಟವಳು ಎಂಟು ವರ್ಷ ಸೇತುವೆ ದಾಟಲಿಲ್ಲ.

ಕ್ಯಾಮೆರಾ ಕೆಲಸ ಮಾಡಿತು, ಊರು ಮಾಡಲಿಲ್ಲ. ಆ ಲೆನ್ಸಿಗೆ ಮನುಷ್ಯ ಒಂದು ದೀರ್ಘ ಉಸಿರಿನಷ್ಟು ಹೊತ್ತು ಕಲ್ಲಾಗಿ ಕೂರಬೇಕು. ನಮ್ಮವರು ಕೂರಲಾರರು. ಮುಚ್ಚಳ ತೆಗೆದು ಸ್ತಾಮೆನ್ "ಸರೀನಾ?" ಎಂದು ಕೇಳುವುದು, ಕೂತವರು ಹೂಂ ಎನ್ನಲು ನಮ್ಮೂರ ರೂಢಿಯಂತೆ ತಲೆಯನ್ನು ಆಚೆ ಈಚೆ ಆಡಿಸುವುದು, ಮುಖ ಚೆಲ್ಲಿದ ಹಾಲಿನಂತಾಗುವುದು. ಬೇಡ ಎನ್ನುವವರು ತಲೆ ಮೇಲೆತ್ತಿ ಇಳಿಸಿದರೆ ಒಬ್ಬರಿಗೆ ಎರಡು ಮೂಗು. ಕ್ಷೌರಿಕ ಹರಲಾಂಪಿಯ ಪಟದಲ್ಲಿ ಮೀಸೆ ಮಾತ್ರ ಹರಲಾಂಪಿಯದು, ಉಳಿದದ್ದು ಮಂಜು.

ಆದರೂ ಸ್ತಾಮೆನ್‌ನ ಉಪನ್ಯಾಸ ನಿಲ್ಲಲಿಲ್ಲ. ಅವನ ಪಟಗಳ ಸುತ್ತ ದಪ್ಪ ಕರಿ ಅಂಚಿರುತ್ತಿತ್ತು. ಫಿಲ್ಮ್ ಹಾಳೆಯನ್ನು ಕಾಗದದ ಮೇಲೆ ಹಾಗೇ ಒತ್ತಿ ಅಚ್ಚು ತೆಗೆದರೆ ಬೆಳಕು ತಾಗದ ಅದರ ಅಂಚು ಕಪ್ಪಾಗಿ ಬರುತ್ತದೆ. ಕ್ಷೌರದಂಗಡಿಯಲ್ಲಿ ಅವನು ಇದನ್ನು ವೇದಾಂತದಂತೆ ಬಿಡಿಸಿ ಹೇಳುತ್ತಿದ್ದ: ಕರಿ ಅಂಚು ಎಂದರೆ ಪ್ರಾಮಾಣಿಕತೆ, ತಾನು ಏನನ್ನೂ ಕತ್ತರಿಸಿಲ್ಲ ಎನ್ನುವುದಕ್ಕೆ ಸಾಕ್ಷಿ, ಆ ಅಂಚಿಗೆ ಕತ್ತರಿ ಹಾಕುವ ದಿನ ತನ್ನ ಕೈಯನ್ನೇ ಕತ್ತರಿಸಿಕೊಂಡಂತೆ.

"ನಿಮ್ಮಪ್ಪನ ಕೋಟು ಬಿಟ್ಟು," ಎಂದ ಹರಲಾಂಪಿ, ಕತ್ತಿ ಮಸೆಯುತ್ತ.

ಅದು ಸ್ತಾಮೆನ್‌ಗೆ ನಾಟಿತ್ತು. ಅವನಿಗೆ ಬೇಕಿದ್ದದ್ದು ಒಂದೇ ಪಟ: ಆ ತಿದಿಯ ಮುಂದೆ ಕೂತ ಅಕ್ಕ. ಎಷ್ಟೋ ಬಾರಿ ಹೇಳಿಕಳಿಸಿದ. "ಹೆಣವಾದ ಮೇಲೆ ಬೇಕಾದ್ರೆ ಕೂರಿಸ್ಕೊಳ್ಳಲಿ" ಎಂದು ಉತ್ತರ ಬಂತು. ಕೊನೆಗೆ ತನ್ನ ಅರವತ್ತನೆಯ ಹುಟ್ಟುಹಬ್ಬಕ್ಕೆ ವಾಚನಶಾಲೆಯಲ್ಲಿ ಪ್ರದರ್ಶನ ಇಡುವುದೆಂದು ನಿರ್ಧರಿಸಿದ. ಊರೆಲ್ಲ ಬಂದರೆ ಊರಿನ ಬಾಯಿಗೆ ಹೆದರಿಯಾದರೂ ಅಕ್ಕ ಬರುತ್ತಾಳೆ. ಗೋಡೆಯ ನಟ್ಟನಡುವೆ ಅವಳಿಗೆಂದು ಒಂದು ಖಾಲಿ ಚೌಕಟ್ಟು ತೂಗುಹಾಕಿದ.

ಪ್ರಚಾರದ ಹಾಳೆಯನ್ನೂ ತಾನೇ ಮಾಡಿದ. ನಡುವೆ ಅವನದೇ ಪಟ: ಗಂಭೀರ, ಕಣ್ಣು ದೂರದಲ್ಲೆಲ್ಲೋ. ಸುತ್ತ ಅವನ ಪ್ರಾಮಾಣಿಕತೆ, ಎರಡು ಬೆರಳು ದಪ್ಪ. ಕೆಳಗೆ ಹೆಸರು, ಹುಟ್ಟಿದ ವರ್ಷ, ಈ ವರ್ಷ. ಅದರ ಕೆಳಗೆ, ಅಬ್ಬರ ಬೇಡವೆಂದು, ಇರುವೆಯಂಥ ಅಕ್ಷರದಲ್ಲಿ ಪ್ರದರ್ಶನದ ವಿಷಯ. ಕರಿ ಅಂಚು ಕಂಡ ಮೇಲೆ ಇರುವೆಗಳನ್ನು ಓದುವವರು ಯಾರು? ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಬಾಗಿಲಿಗೆ, ಕಂಬಕ್ಕೆ, ಲಿಂಡನ್ ಮರಕ್ಕೆ ಅಂಟಿಸಿ, ಅಚ್ಚಿನ ಕಾಗದ ಕೊಳ್ಳಲು ಪ್ಲೋವ್ದಿವ್ ನಗರಕ್ಕೆ ಹೊರಟುಹೋದ. ಮೊಬೈಲು ಎಂದಿನಂತೆ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಅದರ ಬೆಳಕು ಫಿಲ್ಮಿನ ಶತ್ರು ಎಂಬುದು ಅವನ ಸಿದ್ಧಾಂತ.

ಮರುದಿನ ಮಧ್ಯಾಹ್ನ ಬಸ್ಸಿನಿಂದಿಳಿದಾಗ ಮೊದಲು ಎದುರಾದವಳು ಪಕ್ಕದ ಮನೆಯ ಮಿಂಕಾ ಚಿಕ್ಕಮ್ಮ. ಅವಳ ಕೈಯಲ್ಲಿದ್ದ ಮೊಸರಿನ ಗಡಿಗೆ ನೆಲಕ್ಕೆ ಬಿತ್ತು. ಅವಳು ಬಗ್ಗಿ ನೋಡಲೂ ಇಲ್ಲ. ಕಂಬದ ಮೇಲಿನ ಹಾಳೆಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಸ್ತಾಮೆನ್‌ನ ಎದೆ ತುಂಬಿತು. ಕಲೆ ಮನುಷ್ಯರನ್ನು ಹೀಗೆ ಅಲುಗಾಡಿಸುತ್ತದೆ ಎಂದು ಓದಿದ್ದ, ಕಂಡಿರಲಿಲ್ಲ.

"ನೋಡಿದ್ರಾ ಚಿಕ್ಕಮ್ಮ? ಹೇಗನ್ನಿಸ್ತು?"

"ಇಷ್ಟು ಬೇಗ ಆಗಬಾರದಿತ್ತು ಕಣಪ್ಪಾ," ಎಂದಳು ಅವಳು, ತುಟಿ ಬಿಳುಚಿಕೊಂಡು.

"ಬೇಗ ಎಲ್ಲಿ ಬಂತು, ಎಂಟು ವರ್ಷದಿಂದ ಒದ್ದಾಡ್ತಿದ್ದೀನಿ," ಎಂದು ಸೌಜನ್ಯದಿಂದ ಹೇಳಿ ಮುಂದೆ ನಡೆದ.

ಕ್ಷೌರದಂಗಡಿಯ ಬಾಗಿಲಲ್ಲಿ ಹರಲಾಂಪಿ, ಅರ್ಧ ಬೋಳಿಸಿದ ಗಿರಾಕಿಯನ್ನು ಒಳಗೆ ಬಿಟ್ಟು, ಕತ್ತಿ ಗಾಳಿಯಲ್ಲಿ ಹಿಡಿದು ನಿಂತಿದ್ದ. ಸ್ತಾಮೆನ್‌ನನ್ನು ಕಂಡು ಟೋಪಿ ತೆಗೆದ. ಟೋಪಿ ತೆಗೆಯುವ ಹರಲಾಂಪಿಯನ್ನು ಊರು ಅಲ್ಲಿಯತನಕ ಕಂಡಿರಲಿಲ್ಲ. ಸ್ತಾಮೆನ್ ಕೈಯೆತ್ತಿ, ಆ ಹಳೆಯ ಕುಹಕವನ್ನೆಲ್ಲ ಕ್ಷಮಿಸಿದಂತೆ ಬೀಸಿದ.

ಮನೆಯ ಗೇಟಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಹಾಳೆಯ ಕೆಳಗೆ ಯಾರೋ ಬಿಳಿ ಕಾರ್ನೇಷನ್ ಹೂ ಸಿಕ್ಕಿಸಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡ. ಆಮೇಲೆ ಕಣ್ಣಿಗೆ ಬಿತ್ತು: ಹೂವು ಎರಡು. ಜೋಡಿ ಹೂವು ಯಾರಿಗೆ ಕೊಡುವುದೆಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಬದುಕಿರುವವರಿಗಂತೂ ಅಲ್ಲ. ಸ್ತಾಮೆನ್ ಮೊದಲ ಸಲ ತನ್ನ ಹಾಳೆಯನ್ನು ಊರಿನವರ ಕಣ್ಣಿಂದ ನೋಡಿದ. ಮುಖ, ಹೆಸರು, ಎರಡು ವರ್ಷ, ಕರಿ ಅಂಚು. ಒಂದು ಗಳಿಗೆ ಅವನಿಗೂ ಅನುಮಾನ ಬಂತು. ಗೇಟಿನ ಕಬ್ಬಿಣ ತಣ್ಣಗಿದೆಯೇ ಎಂದು ಮುಟ್ಟಿ ನೋಡಿಕೊಂಡ.

ಅಂಗಳದ ಮೇಜಿನ ಮೇಲೆ ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಹಾಕಿದ ಬೇಯಿಸಿದ ಗೋಧಿ, ಒಂದು ಬಾಟಲಿ ರಾಕಿಯಾ ಸಾರಾಯಿ. ಸುತ್ತ ಹೆಂಗಸರು ಅವನು ಆಸ್ಪತ್ರೆಗೆಂದೇ ಚೀಲ ಹಿಡಿದು ಬಸ್ಸು ಹತ್ತಿದ್ದನೆಂದು ಮಾತಾಡಿಕೊಳ್ಳುತ್ತಿದ್ದರು. ಅವನನ್ನು ಕಂಡು ಎಲ್ಲರೂ ಹೇಗಿದ್ದರೋ ಹಾಗೇ ನಿಂತರು. ಚಮಚ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಅಷ್ಟು ಹೊತ್ತು ಅಷ್ಟು ಜನ ಅಲುಗದೆ ಇದ್ದದ್ದು ಊರಿನ ಚರಿತ್ರೆಯಲ್ಲೇ ಇಲ್ಲ. ಕ್ಯಾಮೆರಾ ಒಳಗಿತ್ತು.

ಅವನು ಒಳಗೆ ಹೋದ. ಕ್ಯಾಮೆರಾದ ಪಕ್ಕದಲ್ಲಿ ಕಪ್ಪು ಬಟ್ಟೆಯುಟ್ಟ ದೋಚ್ಕಾ ಕೂತಿದ್ದಳು. ಎಂಟು ವರ್ಷದಿಂದ ಮುಟ್ಟದ ಜಿಡ್ಡಿನ ಡಬ್ಬಿ ಅವಳ ತೊಡೆಯ ಮೇಲಿತ್ತು. ತಿದಿಯನ್ನು ಪೂರ್ತಿ ಎಳೆದು ಮಡಿಕೆ ಮಡಿಕೆಗೂ ಬಟ್ಟೆಯಿಂದ ಉಜ್ಜುತ್ತಿದ್ದಳು. ಒಳಜೇಬಿನ ಹೊಲಿಗೆಯ ಬಳಿ ಕೈ ನಿಧಾನವಾಗಿತ್ತು.

"ಅಕ್ಕಾ."

ಅವಳು ತಿರುಗಿದಳು. ಡಬ್ಬಿ ತೊಡೆಯಿಂದ ಜಾರಿ ಉರುಳಿತು. ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಆ ಕೈಯನ್ನು ಅಲ್ಲೇ ಇಟ್ಟುಕೊಂಡು, ಬಾಗಿಲಲ್ಲಿ ಗುಂಪಾಗಿದ್ದ ಹೆಂಗಸರಿಗೆ, "ಬೆಚ್ಚಗಿದ್ದಾನೆ," ಎಂದಳು.

ಸ್ತಾಮೆನ್ ತಡವರಿಸುತ್ತ ಕಾಗದ, ಪ್ಲೋವ್ದಿವ್, ಪ್ರದರ್ಶನ ಎಂದೆಲ್ಲ ಹೇಳಿದ.

"ಮತ್ತೆ ಕರಿ ಅಂಚು ಯಾಕೋ?"

"ಅದು... ನಾನು ಏನನ್ನೂ ಕತ್ತರಿಸಿಲ್ಲ ಅನ್ನೋದಕ್ಕೆ, ಅಕ್ಕಾ."

ಅವಳು ತಿದಿಯ ಕಡೆ ನೋಡಿದಳು. ಅವನೂ ನೋಡಿದ.

ಕ್ಯಾಮೆರಾದ ಎದುರಿನ ಕುರ್ಚಿಯೇ ಹತ್ತಿರವಿತ್ತು, ದೋಚ್ಕಾ ಅದರಲ್ಲೇ ಕುಸಿದಳು. ಮರದ ಮುಂದೆ ನಿಂತು ಅವನ ಪಟ ನೋಡಿದ್ದಾಗಿ, ಅತ್ತದ್ದಾಗಿ ಹೇಳಿದಳು. "ಅಳ್ತಾ ಅಳ್ತಾನೇ ಅಂದ್ಕೊಂಡೆ, ಈ ಮುಂಡೇದು ಎಷ್ಟು ಚೆನ್ನಾಗಿ ಬಂದಿದ್ದಾನೆ ಅಂತ. ನಾನು ಹೋದಾಗ ಗುರುತಿನ ಚೀಟಿ ಪಟ ಹಾಕ್ತಾರೆ. ಅದ್ರಲ್ಲಿ ಕೋಳಿ ಕದ್ದವಳ ಥರ ಇದ್ದೀನಿ. ಹೂಂ, ತೆಗಿ. ಕರಿ ಅಂಚು ಮಾತ್ರ ಬೇಡ. ಅದನ್ನ ಹಾಕೋರು ಆಮೇಲೆ ಹಾಕ್ತಾರೆ."

ಸ್ತಾಮೆನ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಮಸುಕು ಗಾಜಿನ ಮೇಲೆ ಅಕ್ಕ ತಲೆಕೆಳಗಾಗಿ ಕೂತಿದ್ದಳು. ಕಣ್ಣೀರು ಮೇಲಕ್ಕೆ ಹರಿಯುತ್ತಿತ್ತು. ಫಿಲ್ಮ್ ಹಾಕಿ ಲೆನ್ಸಿನ ಮುಚ್ಚಳ ತೆಗೆದ. ಅಪ್ಪನ ಕೋಟಿನ ಕತ್ತಲೆಯೊಳಗೆ ಬೆಳಕು ಹೋಗತೊಡಗಿತು. ಅವಳು ಕಲ್ಲಿನಂತೆ ಕೂತಿದ್ದಳು. ಸುಮ್ಮನಿರಬೇಕಾದದ್ದು ಅವನು, ಆಗಲಿಲ್ಲ.

"ಅಕ್ಕಾ, ಕೋಟಿನ ಕೋಪ ಹೋಯ್ತಾ?"

ಆ ಭಾನುವಾರ ವಾಚನಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ನಿಜವಾಗಿ ಬದುಕಿದ್ದಾನೆಯೇ ಎಂದು ಖಾತರಿ ಮಾಡಿಕೊಳ್ಳಲು ಪಕ್ಕದ ಹಳ್ಳಿಗಳಿಂದಲೂ ಜನ ಬಂದಿದ್ದರು. ಮಿಂಕಾ ಚಿಕ್ಕಮ್ಮ ಅವನ ತೋಳನ್ನು ಚಿವುಟಿ ನೋಡಿದಳು. ದೋಚ್ಕಾ, ಅಂದೇ ಮತ್ತೊಮ್ಮೆ ಕೂತು ತೆಗೆಸಿಕೊಂಡ ತನ್ನ ಎರಡನೆಯ ಪಟವನ್ನು ಕೈಚೀಲದಿಂದ ತೆಗೆತೆಗೆದು ಎಲ್ಲರಿಗೂ ತೋರಿಸುತ್ತಿದ್ದಳು: ಒಳ್ಳೆಯ ಪಟ, ಮುಖ ಸ್ಪಷ್ಟ, ಅಂಚು ಇಲ್ಲ. ಅಂಚಿಗೆ ಕತ್ತರಿ ಹಾಕಿದ ಕೈ ಸ್ತಾಮೆನ್‌ನ ಮಣಿಕಟ್ಟಿಗೆ ಇನ್ನೂ ಅಂಟಿಕೊಂಡೇ ಇತ್ತು.

ಗೋಡೆಯ ನಡುವಿನ ಚೌಕಟ್ಟಿನಲ್ಲಿದ್ದದ್ದು ಮೊದಲನೆಯದು, ಕೋಟಿನ ಮಾತು ಕೇಳಿದಾಗ ತೆಗೆದದ್ದು. ಅದರಲ್ಲಿ ಕುರ್ಚಿಯ ಕಾಲಿನ ಗೆದ್ದಲು ತೂತು ಕೂಡ ಕಾಣುತ್ತಿತ್ತು. ಕಪ್ಪು ಬಟ್ಟೆಯ ಗುಂಡಿಗಳು, ಜಿಡ್ಡು ಮೆತ್ತಿದ ಬೆರಳುಗಳು, ಎಲ್ಲ ಕೆತ್ತಿದ ಹಾಗೆ. ಮುಖ ಮಾತ್ರ ಎಡದಿಂದ ಬಲಕ್ಕೆ ಚೆಲ್ಲಿದ ಹಾಲು.

ಹರಲಾಂಪಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. "ಇದ್ಯಾಕಯ್ಯಾ ಹಾಳಾಗಿರೋದನ್ನ ತೂಗುಹಾಕಿದ್ದೀಯಾ? ಮುಖವೇ ಇಲ್ಲವಲ್ಲ."

ಎಲ್ಲರೂ ಉಪನ್ಯಾಸಕ್ಕೆ ಸಿದ್ಧರಾಗಿ, ಕೂರಲು ಜಾಗ ಹುಡುಕಿದರು.

"ಹೂಂ ಅಂದ್ಲು," ಎಂದ ಸ್ತಾಮೆನ್. ಅಷ್ಟೇ ಹೇಳಿ ರಾಕಿಯಾ ಸುರಿಯಲು ಹೋದ.